ಕೈದಿ ಪರಾರಿಯಾದರೆ ಕಾವಲಿದ್ದ ವಾರ್ಡರ್ ಅಪರಾಧಿಯೇ?

ಪ್ರಶ್ನೆ: ನನ್ನ ತಮ್ಮ ಒಂದು ಜಿಲ್ಲಾ ಕಾರಾಗೃಹದಲ್ಲಿ ವಾರ್ಡರ್. ಕಳೆದ ತಿಂಗಳು ಅವನ ರಾತ್ರಿ ಪಾಳಿಯಲ್ಲಿ ಇಬ್ಬರು ವಿಚಾರಣಾಧೀನ ಕೈದಿಗಳು ಬ್ಯಾರಕ್ಕಿನ ಕಿಟಕಿ ಸರಳು ಕೊಯ್ದು, ಗೋಡೆ ಹಾರಿ ಓಡಿಹೋದರು. ಒಬ್ಬ ಮರುದಿನವೇ ಸಿಕ್ಕಿಬಿದ್ದ. ಆ ರಾತ್ರಿ ಎರಡು ಬ್ಯಾರಕ್ಕುಗಳಿಗೆ ನನ್ನ ತಮ್ಮ ಒಬ್ಬನೇ ಇದ್ದ. ಗಂಟೆಗೊಮ್ಮೆ ‘ಎಣಿಕೆ ಸರಿ’ ಎಂದು ರಿಜಿಸ್ಟರಿನಲ್ಲಿ ಅವನ ಸಹಿ ಇದೆ. ಆದರೆ 2 ಗಂಟೆಗೆ ಮತ್ತು 3 ಗಂಟೆಗೆ ಒಳಗೆ ನೋಡದೆಯೇ ಸಹಿ ಹಾಕಿದೆ ಎಂದು ಮನೆಯಲ್ಲಿ ಹೇಳಿದ್ದಾನೆ. ಅಮಾನತಾಗಿದೆ, ಪೊಲೀಸ್ ಕೇಸೂ ಆಗಿದೆ. ಅವನು ಜೈಲಿಗೆ ಹೋಗಬೇಕಾಗುತ್ತದೆಯೇ? ಕೆಲಸ ಉಳಿಯುತ್ತದೆಯೇ?

ಉತ್ತರ: ಮನೆಯವರೆಲ್ಲ ಎಷ್ಟು ಹೆದರಿದ್ದೀರಿ ಎಂದು ಪ್ರಶ್ನೆಯಿಂದಲೇ ಗೊತ್ತಾಗುತ್ತದೆ. ಹಾಗಾಗಿ ಮೊದಲು ಶಿಕ್ಷೆಯ ವಿಷಯ. ತನ್ನ ವಶದಲ್ಲಿರುವ ಕೈದಿ ತಪ್ಪಿಸಿಕೊಳ್ಳಲು ನಿರ್ಲಕ್ಷ್ಯದಿಂದ ಎಡೆಮಾಡಿಕೊಟ್ಟ ಸರ್ಕಾರಿ ನೌಕರನಿಗೆ ಅನ್ವಯಿಸುವುದು ಭಾರತೀಯ ನ್ಯಾಯ ಸಂಹಿತೆಯ 261ನೇ ಕಲಂ. ಹೆಚ್ಚೆಂದರೆ 2 ವರ್ಷ ಸಾದಾ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. 2024ರ ಜುಲೈ 1ಕ್ಕಿಂತ ಹಿಂದೆ ನಡೆದ ಘಟನೆಗಳಿಗೆ ಹಳೆಯ ಐಪಿಸಿಯ 223ನೇ ಕಲಂ ಅನ್ವಯಿಸುತ್ತದೆ. ಒಕ್ಕಣೆಯೂ ಶಿಕ್ಷೆಯೂ ಅದೇ, ಆದ್ದರಿಂದ 223ರ ಮೇಲೆ ಬಂದ ತೀರ್ಪುಗಳು ಇಂದಿಗೂ ಉಪಯೋಗಕ್ಕೆ ಬರುತ್ತವೆ. ಇದು ಜಾಮೀನು ಸಿಗುವ ಅಪರಾಧ. ಠಾಣೆಯಲ್ಲೇ ಜಾಮೀನು ಕೇಳುವುದು ನಿಮ್ಮ ತಮ್ಮನ ಹಕ್ಕು, ಪೊಲೀಸರು ಮಾಡುವ ಉಪಕಾರವಲ್ಲ.

ಈಗ ಎಫ್‌ಐಆರ್ ಕೈಗೆ ತಗೊಂಡು ಕಲಂಗಳ ಸಾಲು ಓದಿ. 261 ತಾನಾಗಿ ಅಸಂಜ್ಞೇಯ ಅಪರಾಧ. ಅದೊಂದೇ ಇದ್ದಿದ್ದರೆ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಶುರು ಮಾಡುವಂತಿರಲಿಲ್ಲ. ಆದರೆ ಓಡಿಹೋದ ಕೈದಿಗಳ ಮೇಲೆ 262 ಹಾಕಿರುತ್ತಾರೆ, ಅದು ಸಂಜ್ಞೇಯ. ಒಂದೇ ಪ್ರಕರಣದಲ್ಲಿ ಒಂದಾದರೂ ಸಂಜ್ಞೇಯ ಅಪರಾಧವಿದ್ದರೆ ಇಡೀ ಪ್ರಕರಣವನ್ನು ಸಂಜ್ಞೇಯವೆಂದೇ ನೋಡಬೇಕು ಎಂದು ನಾಗರಿಕ ಸುರಕ್ಷಾ ಸಂಹಿತೆಯ, ಅಂದರೆ ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಸಂಹಿತೆಯ, 174ನೇ ಕಲಂ ಹೇಳುತ್ತದೆ. ಆದ್ದರಿಂದ ‘ಅನುಮತಿ ಪಡೆದಿಲ್ಲ, ಕೇಸು ಬಿದ್ದುಹೋಗುತ್ತದೆ’ ಎಂದು ಯಾರಾದರೂ ಧೈರ್ಯ ಹೇಳಿದರೆ ಅದನ್ನೇ ನೆಚ್ಚಿ ಕೂರಬೇಡಿ.

ನಿಜವಾಗಿ ಎಚ್ಚರ ವಹಿಸಬೇಕಾದದ್ದು 259 ಅಥವಾ 260 ಸೇರಿದೆಯೇ ಎಂಬುದರಲ್ಲಿ. ಅವೆರಡೂ ಬೇಕೆಂದೇ ಬಿಟ್ಟುಕೊಟ್ಟವರಿಗೆ. ಅಲ್ಲಿ ಶಿಕ್ಷೆ ಕೈದಿ ಯಾರು ಎಂಬುದರ ಮೇಲೆ ಏರುತ್ತಾ ಹೋಗುತ್ತದೆ. ಮರಣದಂಡನೆ ವಿಧಿಸಬಹುದಾದ ಆರೋಪ ಹೊತ್ತ ವಿಚಾರಣಾಧೀನ ಕೈದಿಯನ್ನು ಬಿಟ್ಟರೆ 7 ವರ್ಷದವರೆಗೆ, ಗಲ್ಲುಶಿಕ್ಷೆ ಆಗಿರುವವನನ್ನು ಬಿಟ್ಟರೆ ಜೀವಾವಧಿ ಇಲ್ಲವೇ 14 ವರ್ಷದವರೆಗೆ. 261ರಲ್ಲಿ ಆ ಏರಿಳಿತವಿಲ್ಲ. ಓಡಿದವನು ಜೇಬುಗಳ್ಳನಾದರೂ ಕೊಲೆ ಆರೋಪಿಯಾದರೂ ಮಿತಿ 2 ವರ್ಷವೇ. ಹಣ ಪಡೆದ ಆರೋಪ ಬಂದರೆ ಭ್ರಷ್ಟಾಚಾರ ತಡೆ ಕಾಯ್ದೆಯ 7ನೇ ಕಲಂ ಸೇರುತ್ತದೆ. ಅದರಲ್ಲಿ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ. ತನಿಖಾಧಿಕಾರಿ ನಿಮ್ಮ ತಮ್ಮನ ಮೂರು ನಾಲ್ಕು ತಿಂಗಳ ಫೋನ್ ಕರೆಗಳ ವಿವರ ಮತ್ತು ಬ್ಯಾಂಕ್ ಖಾತೆಯನ್ನು ಜಾಲಾಡುತ್ತಿದ್ದರೆ ಅದು ಈ ದಾರಿ ಇದೆಯೇ ಎಂದು ನೋಡುವುದಕ್ಕೆ. ಅಲ್ಲಿ ಏನೂ ಸಿಗದಿದ್ದರೆ ಪ್ರಕರಣ ನಿರ್ಲಕ್ಷ್ಯಕ್ಕೇ ಬಂದು ನಿಲ್ಲುತ್ತದೆ.

ಇನ್ನು ಮುಖ್ಯ ವಿಷಯ. ಕೈದಿ ಓಡಿಹೋದ ಎಂಬ ಒಂದೇ ಕಾರಣಕ್ಕೆ ಕಾವಲುಗಾರನನ್ನು ಶಿಕ್ಷಿಸುವ ಕಲಂ ನಮ್ಮ ಕಾನೂನಿನಲ್ಲಿ ಇಲ್ಲ. ಕಾವಲುಗಾರ ಮಾಡಲೇಬೇಕಾಗಿದ್ದ ಒಂದು ನಿರ್ದಿಷ್ಟ ಕೆಲಸವನ್ನು ಬಿಟ್ಟದ್ದರಿಂದಲೇ ಕೈದಿ ಓಡಿಹೋದ ಎಂದು ತೋರಿಸಿದರೆ ಮಾತ್ರ 261. ‘ಇವನ ಪಾಳಿ, ಇವನ ಬ್ಯಾರಕ್, ಕೈದಿ ಇಲ್ಲ’ ಎಂಬ ಮೂರು ಮಾತು ಅಮಾನತಿಗೆ ಸಾಕಾಗಬಹುದು, ಅಪರಾಧ ರುಜುವಾತಿಗೆ ಸಾಲದು. ಆ ರಾತ್ರಿ ಏನಾಯಿತು ಎಂಬುದು ಕಾವಲಿದ್ದವನಿಗೇ ಗೊತ್ತು, ಅವನೇ ವಿವರಿಸಲಿ ಎಂದು ಸಾಕ್ಷ್ಯ ಅಧಿನಿಯಮದ 109ನೇ ಕಲಮನ್ನು, ಅಂದರೆ ಹಳೆಯ 106ನ್ನು, ಅಭಿಯೋಜನೆ, ಅಂದರೆ ಕೇಸು ನಡೆಸುವ ಸರ್ಕಾರದ ಕಡೆಯವರು, ಎಳೆದು ತರುವುದುಂಟು. ಆದರೆ ಆ ಕಲಂ ಹಿಡಿದುಕೊಂಡು ರುಜುವಾತಿನ ಮೂಲ ಹೊರೆಯನ್ನೇ ಆರೋಪಿಯ ತಲೆಗೆ ದಾಟಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1956ರಲ್ಲೇ ಶಂಭುನಾಥ್ ಮೆಹ್ರಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಹಾಗಾದರೆ ಆ ಎರಡು ಕುರುಡು ಸಹಿಗಳ ಗತಿ? ನಿಮ್ಮ ತಮ್ಮನ ಪ್ರಕರಣ ನಿಂತಿರುವುದೇ ಇಲ್ಲಿ, ಸ್ವಲ್ಪ ನಿಧಾನವಾಗಿ ನೋಡೋಣ.

1 ಗಂಟೆಗೆ ಅವನು ನಿಜವಾಗಿ ಎಣಿಸಿದ, 2ಕ್ಕೆ ಮತ್ತು 3ಕ್ಕೆ ನೋಡದೆ ಸಹಿ ಹಾಕಿದ, 4ಕ್ಕೆ ಇಬ್ಬರು ಕಡಿಮೆ ಇರುವುದು ಗೊತ್ತಾಯಿತು ಎಂದಿಟ್ಟುಕೊಳ್ಳಿ. ಹೊರಗೋಡೆಯ ಸಿಸಿಟಿವಿಯಲ್ಲಿ ಇಬ್ಬರೂ 1.25ಕ್ಕೆ ಗೋಡೆ ದಾಟಿದ್ದು ಕಂಡರೆ, 2ರ ಎಣಿಕೆ ತಪ್ಪಿಸಿದ್ದರಿಂದ ಅವರು ಓಡಿಹೋದರು ಎನ್ನಲಾಗದು. ಆ ಹೊತ್ತಿಗೆ ಅವರು ಹೋಗಿಯಾಗಿತ್ತು. ತಪ್ಪಿದ್ದು ಪತ್ತೆ, ತಡವಾದದ್ದು ಅಲಾರಾಂ. ಅದು ಇಲಾಖೆಯ ದೃಷ್ಟಿಯಲ್ಲಿ ಗಂಭೀರ ಕರ್ತವ್ಯಲೋಪ, ಆದರೆ ‘ತಪ್ಪಿಸಿಕೊಳ್ಳಲು ಬಿಟ್ಟ’ ಎಂಬ 261ರ ಮಾತಿಗೆ ಅದನ್ನು ಹೊಂದಿಸುವುದು ಕಷ್ಟ. ಅದೇ 3.30ಕ್ಕೆ ಗೋಡೆ ದಾಟಿದ್ದರೆ ಕತೆ ಬೇರೆ. 2ಕ್ಕೋ 3ಕ್ಕೋ ಟಾರ್ಚ್ ಹಿಡಿದು ಒಳಗೆ ನೋಡಿದ್ದರೆ ಕಿಟಕಿಯ ಬಳಿ ನಿಂತವರು ಕಣ್ಣಿಗೆ ಬೀಳುತ್ತಿದ್ದರು, ಪಾರಾಗುವುದು ಅಲ್ಲಿಗೇ ನಿಲ್ಲುತ್ತಿತ್ತು ಎಂದು ಅಭಿಯೋಜನೆ ವಾದಿಸುತ್ತದೆ, ಆ ವಾದಕ್ಕೆ ಬಲವೂ ಇದೆ. ಆದ್ದರಿಂದ ಎಲ್ಲಕ್ಕಿಂತ ಮೊದಲು ಬೇಕಾದದ್ದು ಅವರು ಹೊರಬಿದ್ದ ನಿಮಿಷ.

ಆ ನಿಮಿಷ ಸಿಗುವುದು ಕ್ಯಾಮೆರಾದಲ್ಲಿ, ಅಲ್ಲೇ ಎಡವಟ್ಟೂ ಆಗುತ್ತದೆ. ದೃಶ್ಯ ದಾಖಲಿಸುವ ಪೆಟ್ಟಿಗೆಯ ಗಡಿಯಾರ ನಿಜ ಸಮಯಕ್ಕಿಂತ ಹತ್ತು ಹದಿನೈದು ನಿಮಿಷ ಹಿಂದೆ ಮುಂದೆ ಇರುವುದು ಅಪರೂಪವಲ್ಲ. ಜಪ್ತಿ ಮಾಡುವಾಗ ಪರದೆಯ ಸಮಯ ಎಷ್ಟಿತ್ತು, ಕೈಗಡಿಯಾರದಲ್ಲಿ ಎಷ್ಟಿತ್ತು ಎಂದು ಮಹಜರಿನಲ್ಲಿ ಬರೆದಿರಬೇಕು. ಬರೆಯದಿದ್ದರೆ 1.25 ಎಂಬುದು 1.40 ಆಗಿರಬಹುದು, 2.55 ಎಂಬುದು 3.10 ಆಗಿರಬಹುದು. ದೃಶ್ಯಾವಳಿಯ ಜೊತೆ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವೂ ಇರಬೇಕು. ಇನ್ನೊಂದು ಅಪಾಯ, ಪೆಟ್ಟಿಗೆ ತುಂಬಿದ ಮೇಲೆ ಹಳೆಯ ದೃಶ್ಯದ ಮೇಲೆಯೇ ಹೊಸದು ಬರೆದುಕೊಳ್ಳುತ್ತದೆ. ಈಗಾಗಲೇ ಒಂದು ತಿಂಗಳಾಗಿದೆ. ಆ ರಾತ್ರಿಯದಷ್ಟೇ ಅಲ್ಲ, ಅದರ ಹಿಂದಿನ ವಾರದ ದೃಶ್ಯಗಳನ್ನೂ ಕಾಯ್ದಿಡಿ ಎಂದು ಅಧೀಕ್ಷಕರಿಗೂ ತನಿಖಾಧಿಕಾರಿಗೂ ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ಕೊಡಲೊಪ್ಪದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಮಿನಡಿ ಹಾಜರುಪಡಿಸಲು ನ್ಯಾಯಾಲಯವನ್ನೇ ಕೋರಬಹುದು.

ಹಿಂದಿನ ವಾರದ್ದು ಏಕೆ? ಕಬ್ಬಿಣದ ಸರಳನ್ನು ಹ್ಯಾಕ್ಸಾ ಬ್ಲೇಡಿನ ತುಂಡಿನಲ್ಲಿ, ಸದ್ದಾಗದಂತೆ, ಒಂದೇ ರಾತ್ರಿಯಲ್ಲಿ ಕೊಯ್ದು ಮುಗಿಸುವುದು ಸುಲಭವಲ್ಲ. ಸಾಮಾನ್ಯವಾಗಿ ಹಲವು ರಾತ್ರಿ ಸ್ವಲ್ಪಸ್ವಲ್ಪವೇ ಕೊಯ್ದು, ಗಾಯದ ಜಾಗಕ್ಕೆ ಸೋಪನ್ನೋ ಅನ್ನದ ಮುದ್ದೆಯನ್ನೋ ಮೆತ್ತಿ, ಮೇಲೆ ಮಸಿ ಬಳಿದು ಮುಚ್ಚಿಡುತ್ತಾರೆ. ಇದನ್ನು ಹಿಡಿಯಲೆಂದೇ ಜೈಲುಗಳಲ್ಲಿ ಸರಳು ತಟ್ಟುವ ಪದ್ಧತಿ ಇದೆ. ಪ್ರತಿ ಸರಳಿಗೂ ಲಾಠಿಯಿಂದಲೋ ಮರದ ಸುತ್ತಿಗೆಯಿಂದಲೋ ಒಂದೊಂದು ಪೆಟ್ಟು. ಗಟ್ಟಿಯಾಗಿರುವ ಸರಳು ಗಂಟೆಯ ಹಾಗೆ ‘ಠಣ್’ ಎನ್ನುತ್ತದೆ, ಅರ್ಧ ಕೊಯ್ದಿರುವುದು ‘ಠಕ್’ ಎಂದು ಸತ್ತ ಸದ್ದು ಮಾಡುತ್ತದೆ, ಕೈಗೆ ನಡುಕವೂ ಗೊತ್ತಾಗುತ್ತದೆ. ಈ ಪರೀಕ್ಷೆ ಹಗಲಿನದು, ಲಾಕಪ್‌ಗೆ ಮುಂಚಿನದು. ಕೊಯ್ದ ಬಾಯಿಯಲ್ಲಿ ಒಂದು ಭಾಗ ತುಕ್ಕು ಹಿಡಿದು ಉಳಿದದ್ದು ಹೊಳೆಯುತ್ತಿದ್ದರೆ ಕೆಲಸ ಹಲವು ದಿನ ನಡೆದಿದೆ ಎಂದೇ ಅರ್ಥ. ಆ ಸರಳಿನ ತುಂಡು ಜಪ್ತಿಯಾಗಿದೆಯೇ, ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗಿದೆಯೇ ಎಂದು ವಕೀಲರು ಕೇಳಲೇಬೇಕು. ಹಾಗಾಗಿದ್ದರೆ ಹಗಲು ಪಾಳಿಯವರು, ತಪಾಸಣೆಯಲ್ಲಿ ಬ್ಲೇಡನ್ನು ಒಳಬಿಟ್ಟವರು, ಸರಳು ತಟ್ಟಿಸಬೇಕಾಗಿದ್ದ ಜೈಲರ್ ಎಲ್ಲರೂ ಸಾಲಿನಲ್ಲಿ ಬರುತ್ತಾರೆ. 261 ವಾರ್ಡರಿಗೆ ಮಾತ್ರ ಎಂದು ಎಲ್ಲೂ ಬರೆದಿಲ್ಲ. ಕೈದಿಯನ್ನು ಬಂಧನದಲ್ಲಿಡುವ ಹೊಣೆ ಹೊತ್ತ ಯಾವ ಸರ್ಕಾರಿ ನೌಕರನಿಗೂ ಅದು ಅನ್ವಯಿಸುತ್ತದೆ. ಆದರೂ ಕೇಸು ಬೀಳುವುದು ಸಾಮಾನ್ಯವಾಗಿ ಕೊನೆಯ ಪಾಳಿಯ, ಕೊನೆಯ ದರ್ಜೆಯ ನೌಕರನ ಮೇಲೆ. ಇದು ಅನ್ಯಾಯ, ನ್ಯಾಯಾಲಯದಲ್ಲಿ ಇದನ್ನು ದಾಖಲೆ ಸಮೇತ ಎತ್ತಿಹೇಳಬೇಕು.

2013ರ ಸೆಪ್ಟೆಂಬರ್ 1ರ ನಸುಕಿನಲ್ಲಿ ಸರಣಿ ಹಂತಕ ಜೈಶಂಕರ್ ಪರಪ್ಪನ ಅಗ್ರಹಾರದಿಂದ ಪರಾರಿಯಾದದ್ದು ನೆನಪಿರಬಹುದು; ಸೆಪ್ಟೆಂಬರ್ 6ರಂದು ಮತ್ತೆ ಸಿಕ್ಕಿಬಿದ್ದ. ಬೀಗಗಳನ್ನು ದಾಟಿ, ಎತ್ತರದ ಗೋಡೆಗಳನ್ನೂ ದಾಟಿ ಒಬ್ಬ ಹೊರಬಿದ್ದನೆಂದರೆ ಅಲ್ಲಿ ಒಬ್ಬನ ಕಣ್ಣು ಮುಚ್ಚಿದ್ದಲ್ಲ. ಬೀಗದ ಕೈ ಯಾರ ವಶದಲ್ಲಿತ್ತು, ಗೋಡೆಯ ಬಳಿ ಗಸ್ತು ಯಾರದ್ದು, ಗೋಪುರದಲ್ಲಿ ಯಾರಿದ್ದರು ಎಂದು ಒಂದೊಂದು ಹಂತಕ್ಕೂ ಬೇರೆ ಹೆಸರು ಬರುತ್ತದೆ. ಕ್ರಿಮಿನಲ್ ಹೊಣೆಯನ್ನು ಅಳೆಯಬೇಕಾದದ್ದು ಹಾಗೆ, ಒಬ್ಬೊಬ್ಬರದನ್ನೂ ಬೇರೆಬೇರೆಯಾಗಿ.

ನಿರ್ಲಕ್ಷ್ಯ ಯಾವುದು, ಯಾವುದಲ್ಲ ಎಂಬುದಕ್ಕೆ ಇನ್ನೊಂದು ಉದಾಹರಣೆ ದೆಹಲಿಯ ತಿಹಾರ್. 1986ರ ಮಾರ್ಚ್ 16ರಂದು ಚಾರ್ಲ್ಸ್ ಶೋಭರಾಜ್ ಹುಟ್ಟುಹಬ್ಬದ ನೆಪದಲ್ಲಿ ಕಾವಲುಗಾರರಿಗೆ ಮತ್ತಿನ ಔಷಧ ಬೆರೆಸಿದ ಸಿಹಿ ತಿನ್ನಿಸಿ ಹೊರನಡೆದ. ‘ನನಗೆ ಪ್ರಜ್ಞೆ ಇರಲಿಲ್ಲ, ನಾನೇನು ಮಾಡಲಿ’ ಎಂಬ ಉತ್ತರ ಅಲ್ಲಿ ನಿಲ್ಲುವುದಿಲ್ಲ. ಲೋಪ ಪ್ರಜ್ಞೆ ತಪ್ಪಿದ್ದರಲ್ಲಲ್ಲ, ಕೈದಿಯ ಕೈಯಿಂದ ತಿಂಡಿ ತೆಗೆದುಕೊಂಡು ತಿಂದದ್ದರಲ್ಲಿ. ಅದೇ ನಾಲ್ಕು ಜನ ಮೇಲೆ ಬಿದ್ದು, ಹೊಡೆದು, ಬೀಗದ ಕೈ ಕಿತ್ತುಕೊಂಡು ಹೋದರೆ ಕಾವಲುಗಾರನದು ನಿರ್ಲಕ್ಷ್ಯವಲ್ಲ, ಅವನೇ ಬಲಿಪಶು. ಬೆನ್ನಟ್ಟಿ ಆವರಣದೊಳಗೇ ಹಿಡಿದರೆ ಕೈದಿಯ ಮೇಲೆ ಪ್ರಯತ್ನದ ಕೇಸು ನಿಲ್ಲುತ್ತದೆ, ಆದರೆ ಕಾವಲುಗಾರನ ಮೇಲೆ 261 ನಿಲ್ಲಬೇಕಾದರೆ ಪರಾರಿ ಪೂರ್ತಿ ಆಗಿರಬೇಕು. ನಿಮ್ಮ ಪ್ರಕರಣದಲ್ಲಿ ಅದು ಆಗಿದೆ. ಒಬ್ಬ ಮರುದಿನ ಸಿಕ್ಕಿದ್ದು ಅಪರಾಧವನ್ನು ಅಳಿಸುವುದಿಲ್ಲ. ಶಿಕ್ಷೆಯ ಪ್ರಮಾಣ ನಿರ್ಧರಿಸುವಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಎರಡು ಬ್ಯಾರಕ್ಕಿಗೆ ಒಬ್ಬನೇ ಇದ್ದ ಎಂಬುದು ನಿಮ್ಮ ಕೈಲಿರುವ ಒಳ್ಳೆಯ ಅಂಶ. ಆದರೆ ಬಾಯಿಮಾತಿನಲ್ಲಿ ಅದಕ್ಕೆ ಬೆಲೆಯಿಲ್ಲ. ಆ ರಾತ್ರಿಯ ಡ್ಯೂಟಿ ಪಟ್ಟಿ, ಮಂಜೂರಾದ ಹುದ್ದೆ ಎಷ್ಟು ಹಾಜರಿದ್ದವರು ಎಷ್ಟು ಎಂಬ ಲೆಕ್ಕ, ಹಿಂದಿನ ಪಾಳಿ ಮುಗಿದು ಎಷ್ಟು ಗಂಟೆಗೆ ಅವನನ್ನು ಮತ್ತೆ ಹಾಕಿದರು, ಒಂದು ಬ್ಯಾರಕ್ಕಿನಿಂದ ಇನ್ನೊಂದಕ್ಕೆ ನಡೆದು ಎಲ್ಲರನ್ನೂ ಎಣಿಸಿ ಬರಲು ಎಷ್ಟು ನಿಮಿಷ ಬೇಕು, ಇವೆಲ್ಲ ಕಾಗದದಲ್ಲಿ ಬರಬೇಕು. ದೀಪ ಕೆಟ್ಟಿದೆ, ಗೋಡೆಯ ಬಳಿ ಮರದ ಕೊಂಬೆ ಬೆಳೆದಿದೆ, ಜನ ಸಾಲದು ಎಂದು ಯಾರಾದರೂ ಹಿಂದೆ ವರದಿ ಕೊಟ್ಟಿದ್ದರೆ ಅದರ ಪ್ರತಿ ಹುಡುಕಿ. ಒಬ್ಬನಿಂದ ಆಗದ ಕೆಲಸ ಆಗಲಿಲ್ಲ ಎಂಬುದು ನಿರ್ಲಕ್ಷ್ಯವಲ್ಲ. ಆದರೆ ಇಲ್ಲೊಂದು ಮುಳ್ಳಿದೆ: ಆಗದ ಕೆಲಸ ಆಗಿದೆ ಎಂದು ಅವನೇ ಸಹಿ ಹಾಕಿದ್ದಾನೆ. ಸಾಧ್ಯವಾಗಲಿಲ್ಲ ಎಂಬ ವಾದಕ್ಕೆ ಆ ಸಹಿಯೇ ಎದುರು ನಿಲ್ಲುತ್ತದೆ. ಎಣಿಸಲಾಗದ ಗಂಟೆಗೆ ‘ಎಣಿಸಿಲ್ಲ, ಪಕ್ಕದ ಬ್ಯಾರಕ್ಕಿನಲ್ಲಿದ್ದೆ’ ಎಂದು ಬರೆದಿಡುವ ಅಭ್ಯಾಸ ಜೈಲು ಸಿಬ್ಬಂದಿಗೆ ಇದ್ದಿದ್ದರೆ ಇಂಥ ಕೇಸುಗಳಲ್ಲಿ ಅರ್ಧದಷ್ಟು ಹುಟ್ಟುತ್ತಲೇ ಇರಲಿಲ್ಲ.

ಇದರಿಂದಲೇ ಬರುವ ಎಚ್ಚರಿಕೆಯ ಮಾತೊಂದಿದೆ, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಆ ರಿಜಿಸ್ಟರನ್ನು ಯಾರೂ ಮುಟ್ಟಬಾರದು. ಹಾಳೆ ಬದಲಿಸುವುದು, ಸಮಯ ತಿದ್ದುವುದು, ಸ್ನೇಹಿತ ವಾರ್ಡರಿನಿಂದ ಹೊಸ ನಮೂದು ಬರೆಸುವುದು, ಯಾವುದೂ ಬೇಡ. ಯಾರನ್ನಾದರೂ ಶಿಕ್ಷೆಯಿಂದ ಉಳಿಸಲು ಸರ್ಕಾರಿ ನೌಕರ ತಪ್ಪು ದಾಖಲೆ ಸೃಷ್ಟಿಸಿದರೆ ನ್ಯಾಯ ಸಂಹಿತೆಯ 256ನೇ ಕಲಂ, 3 ವರ್ಷದವರೆಗೆ ಸಜೆ. ಜೊತೆಗೆ ಸಾಕ್ಷ್ಯ ನಾಶದ 238. ನಿರ್ಲಕ್ಷ್ಯದ ಕೇಸಾಗಿದ್ದದ್ದು ದುರುದ್ದೇಶದ ಕೇಸಾಗುತ್ತದೆ, ‘ಮೊದಲೇ ಸೇರಿಕೊಂಡಿದ್ದ’ ಎಂಬ ಅನುಮಾನಕ್ಕೆ ರೆಕ್ಕೆ ಬರುತ್ತದೆ. ಒಂದೇ ಕುಳಿತಕ್ಕೆ ಬರೆದ ನಮೂದುಗಳು ಕಣ್ಣಿಗೆ ಬೇಗ ಬೀಳುತ್ತವೆ. ಒಂದೇ ಶಾಯಿ, ಒಂದೇ ಒತ್ತು, ಅಕ್ಷರದ ಒಂದೇ ಓಟ. ಆ ರಾತ್ರಿ ಅವನು ಸೋಮಾರಿತನದಿಂದಲೋ ದಣಿವಿನಿಂದಲೋ ಹಾಕಿದ ಸಹಿ ತಾನಾಗಿ 256 ಆಗುವುದಿಲ್ಲ, ಏಕೆಂದರೆ ಆಗ ಯಾರನ್ನೂ ಉಳಿಸುವ ಉದ್ದೇಶ ಇರಲಿಲ್ಲ. ಈಗ ತಿದ್ದಿದರೆ ಆ ಉದ್ದೇಶ ಹುಟ್ಟುತ್ತದೆ.

ನ್ಯಾಯಾಲಯದ ದಾರಿ ಹೆಚ್ಚು ಸಿಕ್ಕಲಿನದಲ್ಲ. ಪೊಲೀಸರು ಬಹುಶಃ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಮಿನಡಿ ಹಾಜರಾಗುವಂತೆ ನೋಟಿಸ್ ಕೊಡುತ್ತಾರೆ. ಹೇಳಿದ ದಿನ ಹೋಗಲೇಬೇಕು, ತಪ್ಪಿಸಿದರೆ ಬಂಧನಕ್ಕೆ ದಾರಿಯಾಗುತ್ತದೆ. ಬಂಧಿಸಿದರೆ ಅಂದೇ ಜಾಮೀನು ಪಡೆಯಿರಿ. 48 ಗಂಟೆ ಮೀರಿ ಒಳಗಿದ್ದರೆ ನಿಯಮದ ಪ್ರಕಾರ ಅದರಿಂದಲೇ ಪ್ರತ್ಯೇಕವಾಗಿ ಅಮಾನತು ಆದಂತೆ ಆಗುತ್ತದೆ, ಈಗಿನ ಅಮಾನತನ್ನು ಪ್ರಶ್ನಿಸುವಾಗ ಅದು ಅಡ್ಡ ಬರುತ್ತದೆ. 2 ವರ್ಷದೊಳಗಿನ ಶಿಕ್ಷೆಯ ಅಪರಾಧವಾದ್ದರಿಂದ ಸಮನ್ಸ್ ಪ್ರಕರಣದ ರೀತಿ, ಅಂದರೆ ಸಣ್ಣ ಅಪರಾಧಗಳಿಗಿರುವ ಸರಳ ಕ್ರಮದಲ್ಲಿ, ವಿಚಾರಣೆ ನಡೆಯುತ್ತದೆ. ಹಳೆಯ ಸಂಹಿತೆಯಲ್ಲಿ ಸಮನ್ಸ್ ಪ್ರಕರಣದಲ್ಲಿ ಆರಂಭದಲ್ಲೇ ಬಿಡುಗಡೆ ಕೇಳುವುದು ಕಷ್ಟವಿತ್ತು. ಈಗ ಹೊಸ ಸಂಹಿತೆಯ 274ನೇ ಕಲಮಿನಲ್ಲಿ, ಆರೋಪಕ್ಕೆ ಆಧಾರವಿಲ್ಲವೆಂದು ಕಂಡರೆ ಕಾರಣ ಬರೆದು ಬಿಡುಗಡೆ ಮಾಡಬೇಕು ಎಂದು ಸೇರಿಸಿದ್ದಾರೆ. ಕ್ಯಾಮೆರಾದ ಸಮಯ ನಿಮ್ಮ ಕಡೆಗಿದ್ದರೆ ಈ ಬಾಗಿಲನ್ನು ಮೊದಲ ದಿನವೇ ತಟ್ಟಬೇಕು. 514ನೇ ಕಲಮಿನಲ್ಲಿ 3 ವರ್ಷದ ಕಾಲಮಿತಿಯೂ ಇದೆ, ಆದರೆ ಅದಕ್ಕೆ ಲೆಕ್ಕಕ್ಕೆ ಬರುವುದು ಎಫ್‌ಐಆರ್ ಇಲ್ಲವೇ ದೂರು ದಾಖಲಾದ ದಿನ. ಸರ್ಕಾರದ ಪೂರ್ವಾನುಮತಿ ಇಲ್ಲವೆಂಬ ವಾದವನ್ನು ಹೆಚ್ಚು ನಂಬಬೇಡಿ. 218ನೇ ಕಲಮಿನ ರಕ್ಷಣೆ ಸರ್ಕಾರದ ಒಪ್ಪಿಗೆ ಇಲ್ಲದೆ ವಜಾ ಮಾಡಲಾಗದ ದರ್ಜೆಯವರಿಗೆ; ವಾರ್ಡರ್ ಸಾಮಾನ್ಯವಾಗಿ ಆ ಪಟ್ಟಿಗೆ ಬರುವುದಿಲ್ಲ.

ಕೈದಿಯನ್ನು ಆಸ್ಪತ್ರೆಗೋ ಕೋರ್ಟಿಗೋ ಕರೆದೊಯ್ಯುವ ಬೆಂಗಾವಲಿನವರೂ ಇದನ್ನು ಓದುತ್ತಿರಬಹುದು, ಅವರಿಗಾಗಿ ಒಂದು ಮಾತು. ‘ಕೋಳ ಏಕೆ ಹಾಕಲಿಲ್ಲ’ ಎಂದು ವಿಚಾರಣೆಯಲ್ಲಿ ಕೇಳುತ್ತಾರೆ. ಪ್ರೇಮ್ ಶಂಕರ್ ಶುಕ್ಲಾ ಪ್ರಕರಣದ 1980ರ ತೀರ್ಪಿನಿಂದ ಇತ್ತೀಚಿನವರೆಗೂ ಕೋಳ ಅಪವಾದ, ನಿಯಮವಲ್ಲ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಕಾರಣವಿಲ್ಲದೆ ಕೋಳ ತೊಡಿಸಿದ್ದಕ್ಕೆ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿದೆ. ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಂ ಹಿಂದೆ ತಪ್ಪಿಸಿಕೊಂಡಿದ್ದವರು, ರೂಢಿಗತ ಅಪರಾಧಿಗಳು, ಕೊಲೆಯಂಥ ಕೆಲವು ಗುರುತರ ಆರೋಪದವರಿಗೆ ಕೋಳ ಹಾಕಲು ಪೊಲೀಸರಿಗೆ ಅವಕಾಶ ಕೊಟ್ಟಿದೆ. ಆದ್ದರಿಂದ ಹೊರಡುವ ಮುನ್ನ ಆ ಕೈದಿಯ ಹಿಂದಿನ ದಾಖಲೆ ಕೇಳಿ ಪಡೆದಿದ್ದೀರಾ, ಅಪಾಯವೆನಿಸಿದರೆ ನ್ಯಾಯಾಲಯದ ಅನುಮತಿ ಕೋರಿದ್ದೀರಾ ಎಂಬುದೇ ಎಚ್ಚರಿಕೆಯ ಅಳತೆಗೋಲು. ಬರಿಗೈಯಲ್ಲಿ ಕರೆದೊಯ್ದದ್ದೇ ನಿರ್ಲಕ್ಷ್ಯವಾಗದು.

ಕೆಲಸದ ವಿಷಯಕ್ಕೆ ಬರುತ್ತೇನೆ, ನಿಜ ಹೇಳಬೇಕೆಂದರೆ ಅಪಾಯ ಹೆಚ್ಚಿರುವುದು ಅಲ್ಲೇ. ಇಲಾಖಾ ವಿಚಾರಣೆ 1957ರ ಕರ್ನಾಟಕ ಸಿವಿಲ್ ಸೇವಾ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳ 11ನೇ ನಿಯಮದಡಿ ನಡೆಯುತ್ತದೆ. ಅಲ್ಲಿ ಸಂಶಯಾತೀತ ರುಜುವಾತು ಬೇಕಿಲ್ಲ, ಹೀಗೆ ಆಗಿರುವ ಸಂಭವವೇ ಹೆಚ್ಚು ಎಂದು ಕಂಡರೆ ಸಾಕು. ನೋಡದೆ ಹಾಕಿದ ಎರಡು ಸಹಿ ಕ್ರಿಮಿನಲ್ ಕೋರ್ಟಿನಲ್ಲಿ ನಿಲ್ಲದಿದ್ದರೂ ಇಲ್ಲಿ ನಿಲ್ಲಬಹುದು. ಎರಡೂ ಒಟ್ಟಿಗೆ ನಡೆದರೆ ಒಂದೇ ತಪ್ಪಿಗೆ ಎರಡು ಶಿಕ್ಷೆ ಎಂದಾಗುವುದಿಲ್ಲ. ಆದರೆ ಆರೋಪ ಗಂಭೀರವಾಗಿದ್ದು, ಎರಡೂ ಕಡೆ ಅದೇ ಸಂಗತಿ, ಅದೇ ಸಾಕ್ಷಿಗಳಿದ್ದರೆ ಇಲಾಖಾ ವಿಚಾರಣೆಯನ್ನು ಸ್ವಲ್ಪ ಕಾಲ ತಡೆಹಿಡಿಯಲು ಕೋರಬಹುದು. ಈ ಸೂತ್ರ ಗಟ್ಟಿಯಾದದ್ದು ನಮ್ಮ ಕೆಜಿಎಫ್‌ನ ಭದ್ರತಾ ಅಧಿಕಾರಿಯೊಬ್ಬರ ಪ್ರಕರಣದಲ್ಲಿ: ಕ್ಯಾಪ್ಟನ್ ಪಾಲ್ ಆಂಥೋನಿ ವಿರುದ್ಧ ಭಾರತ್ ಗೋಲ್ಡ್ ಮೈನ್ಸ್, 1999. ಅಮಾನತಿನಲ್ಲಿದ್ದಾಗ ಅವರಿಗೆ ಜೀವನಾಧಾರ ಭತ್ಯೆ ಕೊಡದೆ, ಅವರ ಗೈರಿನಲ್ಲೇ ವಿಚಾರಣೆ ಮುಗಿಸಿ ವಜಾ ಮಾಡಿದ್ದರು. ಸುಪ್ರೀಂ ಕೋರ್ಟ್ ಅದನ್ನು ಒಪ್ಪದೆ ಮರುನೇಮಕಕ್ಕೆ ಆದೇಶಿಸಿತು. ನಿಮ್ಮ ತಮ್ಮನಿಗೆ ಭತ್ಯೆ ಬರುತ್ತಿದೆಯೇ ವಿಚಾರಿಸಿ. ಬರದಿದ್ದರೆ ಇಂದೇ ಅರ್ಜಿ ಕೊಡಿ. 3 ತಿಂಗಳೊಳಗೆ ದೋಷಾರೋಪಣಾ ಪತ್ರ ಕೈಗೆ ಬರದಿದ್ದರೆ ಅಮಾನತು ಮುಂದುವರಿಯಬಾರದು ಎಂದು ಅಜಯ್ ಕುಮಾರ್ ಚೌಧರಿ ಪ್ರಕರಣದಲ್ಲಿ 2015ರಲ್ಲಿ ಬಂದ ತೀರ್ಪನ್ನು ಆ ದಿನ ಬಂದಾಗ ಬಳಸಿಕೊಳ್ಳಿ.

ಶಿಕ್ಷೆಯಾದರೆ, ಹೆಚ್ಚಿನ ವಿಚಾರಣೆಯಿಲ್ಲದೆ ಆ ನಡತೆಯ ಮೇಲೆಯೇ ವಜಾ ಮಾಡಲು ಸಂವಿಧಾನದ 311ನೇ ವಿಧಿ ಅವಕಾಶ ಕೊಡುತ್ತದೆ. ಮೊದಲ ಅಪರಾಧಿಯೆಂದು ಪ್ರೊಬೇಷನ್ ಮೇಲೆ ಬಿಟ್ಟರೂ ಸೆರೆವಾಸ ತಪ್ಪಬಹುದೇ ಹೊರತು ಇಲಾಖೆಯ ಕೈ ಕಟ್ಟಿದಂತಾಗುವುದಿಲ್ಲ. ‘ತಪ್ಪೊಪ್ಪಿಕೊಂಡು ದಂಡ ಕಟ್ಟಿ ಮುಗಿಸಿಬಿಡಿ’ ಎಂದು ಕೋರ್ಟಿನ ಹೊಸ್ತಿಲಲ್ಲಿ ಸಲಹೆ ಕೊಡುವವರಿದ್ದಾರೆ. ಕೆಲವು ಸಾವಿರದ ದಂಡ ಕೆಲಸವನ್ನೇ ನುಂಗಬಹುದು, ಅವರ ಮಾತು ಕೇಳಬೇಡಿ.

ಇಲಾಖೆಯ ನೋಟಿಸಿಗೆ ಕೊಡುವ ಉತ್ತರವನ್ನು ಕ್ರಿಮಿನಲ್ ವಕೀಲರು ಓದದೆ ಕಳಿಸಬೇಡಿ. ಪೊಲೀಸರೆದುರಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ, ಆದರೆ ಅಧೀಕ್ಷಕರಿಗೆ ಬರೆದುಕೊಟ್ಟ ವಿವರಣೆ ಒಪ್ಪಿಗೆಯಾಗಿ ಬಳಕೆಯಾಗಬಹುದು. ಹಾಗೆಂದು ‘ನೋಡಿಯೇ ಸಹಿ ಹಾಕಿದೆ’ ಎಂದು ಸುಳ್ಳು ಬರೆಯುವುದೂ ಬೇಡ, ಕ್ಯಾಮೆರಾ ಅದನ್ನು ಒಂದೇ ನಿಮಿಷದಲ್ಲಿ ಸುಳ್ಳಾಗಿಸುತ್ತದೆ. ಅದೇ ಸಂಗತಿಯ ಮೇಲೆ ಕ್ರಿಮಿನಲ್ ಪ್ರಕರಣ ಬಾಕಿ ಇರುವುದರಿಂದ ವಿವರವಾದ ಉತ್ತರಕ್ಕೆ ಕಾಲಾವಕಾಶ ಬೇಕು ಎಂದು ಕೇಳುವುದು ನ್ಯಾಯವಾದ ದಾರಿ. ಅವನು ನಿಮಗೆ ಹೇಳಿದ್ದನ್ನು ವಕೀಲರಿಗೆ ಒಂದಕ್ಷರ ಬಿಡದೆ ಹೇಳಲಿ. ವಕೀಲರು ಅದನ್ನು ಹೊರಗೆ ಹೇಳುವಂತಿಲ್ಲ ಎಂಬ ರಕ್ಷಣೆ ಕಾನೂನಿನಲ್ಲಿದೆ. ಅಣ್ಣತಮ್ಮಂದಿರ ಮಾತಿಗೆ ಆ ರಕ್ಷಣೆ ಇಲ್ಲ, ಆದ್ದರಿಂದ ಇನ್ನು ಮುಂದೆ ಆ ರಾತ್ರಿಯ ವಿಷಯ ಮನೆಯ ವಾಟ್ಸಾಪಿನಲ್ಲಿ ಬೇಡ.